ಜೋಡಿ ಸಿಗದ ಆನೆ

ಮಂಡ್ಯದಿಂದ ದೊಡ್ಡಮ್ಮ ಫೋನ್ ಮಾಡಿದ್ದರು. "ವೈಷ್ಣೋದೇವಿ ಇರೋ ಐದ್ರುಪಾಯಿ ಕಾಯಿನ್ ಐತೆ ಕಣಪ್ಪ. ಹತ್ತು ಲಕ್ಷ ಕೊಡ್ತಾರಂತೆ. ತಗೊಳೋರು ಯಾರಾದ್ರೂ ಗೊತ್ತಾ ನಿಂಗೆ?"

ಹತ್ತು ಲಕ್ಷ ಯಾರೂ ಕೊಡಲ್ಲ. 2012ರಲ್ಲಿ ಬಂದ ಆ ನಾಣ್ಯ ಅಂಗಡಿ ಚಿಲ್ಲರೆಯಲ್ಲಿ ಸುಮ್ನೆ ಓಡಾಡಿದ್ದು. ಇಂಥ ಜಾಹೀರಾತು ನಂಬಿದವರಿಗೆ ಬರುವುದು ದುಡ್ಡಲ್ಲ, 'ಮೊದಲು ಕಮಿಷನ್ ಕಟ್ಟಿ, ಟ್ಯಾಕ್ಸ್ ಕಟ್ಟಿ' ಅನ್ನುವ ಫೋನು. 2021ರಲ್ಲಿ ರಿಸರ್ವ್ ಬ್ಯಾಂಕೇ ಈ ಮೋಸದ ಬಗ್ಗೆ ಎಚ್ಚರಿಸಿತ್ತು. ಅದನ್ನೆಲ್ಲ ಹೇಳಿ, "ಅಜ್ಜಿ ಡಬ್ಬಿಯಲ್ಲಿ ಆನೆ ಕಾಸು ಇದ್ದವಲ್ಲ, ಅವನ್ನ ತೆಗೆದಿಡಿ. ಭಾನುವಾರ ಬರ್ತೀನಿ" ಅಂದೆ. ಇನ್ನೊಂದು ಮಾತು ಹೇಳಬೇಕಿತ್ತು, ಮರೆತೆ.

ಆ ಡಬ್ಬಿಯಲ್ಲಿದ್ದವು ಟಿಪ್ಪು ಕಾಲದ ತಾಮ್ರದ ಕಾಸು. ಒಂದು ಕಡೆ ಆನೆ. ಇನ್ನೊಂದು ಕಡೆ ಅಚ್ಚಾದ ಊರಿನ ಹೆಸರು, ಪರ್ಷಿಯನ್ ಲಿಪಿಯಲ್ಲಿ. ಶ್ರೀರಂಗಪಟ್ಟಣದ ಟಂಕಸಾಲೆಯದಾದರೆ 'ಪಟನ್' ಅಂತಿರುತ್ತದೆ. 200 ವರ್ಷ ದಾಟಿದ ವಸ್ತು, ಹಾಗಾಗಿ ಅಪರೂಪದ್ದು ಅಂತ ಅನಿಸುತ್ತದೆ ಅಲ್ವಾ? ಆದರೆ ವಯಸ್ಸಿಗೂ ಅಪರೂಪಕ್ಕೂ ಅಂಥ ನಂಟಿಲ್ಲ. ನಾಲ್ಕನೇ ಶತಮಾನದ ರೋಮನ್ ತಾಮ್ರದ ನಾಣ್ಯಗಳು ಇವತ್ತಿಗೂ ಅಗ್ಗ, ಯಾಕೆಂದರೆ ಅಷ್ಟೊಂದು ಉಳಿದಿವೆ. ನಮ್ಮ 1939ರ ಬೆಳ್ಳಿ ರೂಪಾಯಿಗೆ ನೂರು ವರ್ಷವೂ ಆಗಿಲ್ಲ, ಆದರೂ ಸಿಗುವುದು ಕಮ್ಮಿ ಅಂತ ಜನ ಅದರ ಮೇಲೆ ಮುಗಿಬೀಳುತ್ತಾರೆ.

ಎಷ್ಟು ಅಚ್ಚಾಯಿತು ಅನ್ನುವುದೂ ಪೂರ್ತಿ ಕಥೆ ಹೇಳಲ್ಲ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೊಂದು ಪುಟ್ಟ ಆನೆ ಇತ್ತು. ಸೊಂಡಿಲು ಮೊಟಕು, ಕಾಲು ಗಿಡ್ಡ. ಜನರ ಕಣ್ಣಿಗೆ ಅದು ಹಂದಿಯ ಹಾಗೆ ಕಂಡಿತು, ಗಲಾಟೆಯಾಯಿತು. ಸುಮಾರು 94 ಲಕ್ಷ ಅಚ್ಚಾಗಿದ್ದರೂ ಹೊರಗೆ ಬಂದದ್ದು ಸುಮಾರು 7 ಲಕ್ಷ. ಮಿಕ್ಕವನ್ನು ಕರಗಿಸಿಬಿಟ್ಟರು. 1912ರ ರೂಪಾಯಿಯಲ್ಲಿ ಆನೆಯನ್ನು ತಿದ್ದಿದರು. ಅಚ್ಚಾದ ಲೆಕ್ಕವನ್ನಷ್ಟೇ ನೋಡಿದವರಿಗೆ ಹಂದಿ ರೂಪಾಯಿ ಏನೂ ಅಪರೂಪವಲ್ಲ.

ಇಲ್ಲಿ ಲೆಕ್ಕವಾದರೂ ಇದೆ. ಲೆಕ್ಕವೇ ಉಳಿಯದ ಹಳೆಯ ನಾಣ್ಯದ ಗತಿ? ನನಗೆ ತುಂಬ ಇಷ್ಟವಾದ ಲೆಕ್ಕ ಶುರುವಾಗುವುದೇ ಅಲ್ಲಿಂದ.

ಆಗ ಅಚ್ಚುಗಳನ್ನು ಕೈಯಲ್ಲೇ ಕೊರೆಯುತ್ತಿದ್ದರು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತಾಮ್ರದ ಬಿಲ್ಲೆ, ಮೇಲಿಂದ ಒಂದು ಏಟು. ಅಚ್ಚು ಸವೆದರೆ ಇನ್ನೊಂದು ಕೊರೆಯಬೇಕು. ಕೈಕೆಲಸ ಆದ್ದರಿಂದ ಒಂದು ಅಚ್ಚಿನ ಆನೆ ಇನ್ನೊಂದರ ಹಾಗಿರಲ್ಲ. ಸೊಂಡಿಲಿನ ಸುರುಳಿ ಬೇರೆ, ಬಾಲದ ಬಾಗು ಬೇರೆ, ಆನೆಯ ಮೇಲೆ ಕೊರೆದ ವರ್ಷದ ಅಂಕಿಗೂ ಬೆನ್ನಿಗೂ ನಡುವಿನ ಜಾಗ ಬೇರೆ. ಒಂದೇ ಅಚ್ಚಿನ ಎರಡು ಕಾಸನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಅವಳಿ ಮಕ್ಕಳ ಹಾಗೆ ಹೊಂದುತ್ತವೆ.

ಈಗ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೈಸೂರಿಂದ ಬರುವ ಬಸ್ಸುಗಳ ನಂಬರ್ ಬರೆದುಕೊಳ್ಳಿ. ಅವೇ ನಂಬರ್ ತಿರುಗಿ ತಿರುಗಿ ಬಂದರೆ ಓಡುತ್ತಿರುವ ಬಸ್ಸು ಕಮ್ಮಿ ಅಂತ ತಾನೇ? ದಿನವಿಡೀ ಹೊಸ ನಂಬರೇ ಬರುತ್ತಿದ್ದರೆ ನಾವು ಕಾಣದವು ಇನ್ನೂ ಜಾಸ್ತಿ ಇವೆ. ಅಚ್ಚಿಗೂ ಇದೇ ಉಪಾಯ. ನೂರು ಕಾಸು ಗುಡ್ಡೆ ಹಾಕಿದ್ದೀರಿ ಅಂದುಕೊಳ್ಳಿ. ಅದರಲ್ಲಿ ಜೋಡಿಯೇ ಇಲ್ಲದ ಒಂಟಿ ಆನೆಗಳು ನಲವತ್ತು. ಹಾಗಾದರೆ ಮುಂದೆ ಸಿಗುವ ಕಾಸು ನಾವು ಕಾಣದ ಅಚ್ಚಿನದಾಗಿರುವ ಸಾಧ್ಯತೆ ನೂರಕ್ಕೆ ಸುಮಾರು ನಲವತ್ತು. ಅಷ್ಟೇ ಸೂತ್ರ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿ ಒಡೆಯುತ್ತಿದ್ದಾಗ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಕಂಡುಕೊಂಡದ್ದು, ಜೊತೆಗಾರ ಐ. ಜೆ. ಗುಡ್ 1953ರಲ್ಲಿ ಪ್ರಕಟಿಸಿದ್ದು. ನಾಣ್ಯ ಓದುವವರು ಅದನ್ನು ಅಚ್ಚಿಗೆ ಹಚ್ಚಿದರು. ಕಣ್ಣೆದುರು ಇಲ್ಲದ್ದನ್ನು ಇರುವುದರಿಂದಲೇ ಅಳೆಯುವುದು ಅಂದರೆ ಇದು.

ಅವಳಿ ಹುಡುಕುವುದು ಇನ್ನೊಂದಕ್ಕೂ ಉಪಯೋಗಕ್ಕೆ ಬಂತು. ಒಮ್ಮೆ ಶ್ರೀರಂಗಪಟ್ಟಣದಲ್ಲಿ ಒಬ್ಬರ ಹತ್ತಿರ ಮೂರು ಆನೆ ಕಾಸು ಕೊಂಡೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಮೂರಕ್ಕೂ ಆನೆ ಒಂದೇ. ಒಂದೇ ಅಚ್ಚಿನವು ಅಂತ ಹಿಗ್ಗಿದೆ. ಆಮೇಲೆ ಅಂಚು ನೋಡಿದೆ. ಮೂರಕ್ಕೂ ಒಂದೇ ಜಾಗದಲ್ಲಿ ಒಂದೇ ಥರ ಚೂರು ಹಾರಿದೆ! ಅಚ್ಚು ಒಂದೇ ಆದರೂ ಏಟು ಬೀಳುವ ಜಾಗ, ಬಿಲ್ಲೆಯ ಅಂಚು ಬೇರೆ ಬೇರೆ ಇರಬೇಕು. ಇವು ಒಂದು ಕಾಸಿನ ಪಡಿಯಚ್ಚು ತೆಗೆದು ಎರಕ ಹೊಯ್ದವು. ಈಗ ನನ್ನ ಮೇಜಿನ ಮೇಲೆ ಪೇಪರ್ ಹಾರದಂತೆ ಕೂತಿವೆ.

ಭಾನುವಾರ ಮಂಡ್ಯಕ್ಕೆ ಹೋದೆ. ದೊಡ್ಡಮ್ಮ ಕಾಫಿ ಕೊಟ್ಟು, ತಟ್ಟೆ ತಂದಿಟ್ಟರು. ಎಲ್ಲ ಕಾಸು ಕೆಂಪಗೆ ಹೊಳೆಯುತ್ತಿದ್ದವು.

"ನೀನು ಬರ್ತೀಯ ಅಂತ ರಾತ್ರಿನೇ ಹುಣಸೆಹಣ್ಣಲ್ಲಿ ನೆನೆಹಾಕಿ ತಿಕ್ಕಿ ಇಟ್ಟಿವ್ನಿ. ಎಂಗವೆ?"

ತೊಳೆಯಬೇಡಿ ಅನ್ನುವುದೇ ನಾನು ಮರೆತಿದ್ದ ಮಾತು. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಮೇಲೆ ಕಟ್ಟಿದ ಕಪ್ಪು ಪದರವನ್ನು ಕರಗಿಸುತ್ತದೆ. ಹಳೆಯ ತಾಮ್ರದಲ್ಲಿ ಸಣ್ಣ ಗೆರೆಗಳೆಲ್ಲ ಉಳಿದಿರುವುದು ಹೆಚ್ಚಾಗಿ ಆ ಪದರದಲ್ಲೇ. ಅದು ಹೋದರೆ ಕೆಳಗೆ ಸಿಗುವುದು ಗುಳಿ ಬಿದ್ದ ಲೋಹ. ಕೊಳ್ಳುವವರು ಬೆಲೆ ಇಳಿಸುವುದು ಆಮೇಲಿನ ಮಾತು.

"ಚೆನ್ನಾಗಿವೆ ದೊಡ್ಡಮ್ಮ" ಅಂದೆ. ಒಟ್ಟು ಒಂಬತ್ತಿದ್ದವು. ಮೊಬೈಲಲ್ಲಿ ಫೋಟೊ ತೆಗೆದು, ಹಿಗ್ಗಿಸಿ, ನನ್ನ ಹತ್ತಿರ ಇದ್ದವುಗಳ ಜೊತೆ ಹೋಲಿಸುತ್ತಾ ಕೂತೆ. ಎಂಟನ್ನು ಹೇಗೋ ಗುರುತಿಸಿದೆ. ಒಂಬತ್ತನೆಯದರ ಬಾಲ ನಾನು ಈವರೆಗೆ ನೋಡಿದ ಯಾವ ಆನೆಯದ್ದೂ ಅಲ್ಲ. ಸೊಂಡಿಲು ನೋಡಿದರೆ ಖಾತ್ರಿಯಾಗುತ್ತಿತ್ತು. ಅದು ಹುಣಸೆ ರಸದ ಜೊತೆ ಬಚ್ಚಲಿಗೆ ಹೋಗಿತ್ತು.