ಎಂಪಿಎಫ್‌ಎಲ್ ರೀಕನ್‌ಸ್ಟ್ರಕ್ಷನ್: ಜಾರುವ ಮಂಡಿಚಿಪ್ಪಿಗೆ ಹೊಸ ಹಗ್ಗ

ಆಟದ ಮಧ್ಯೆ ಹುಡುಗಿಯೊಬ್ಬಳು ಗಕ್ಕನೆ ತಿರುಗುತ್ತಾಳೆ. ಪಾದ ನೆಲಕ್ಕೆ ಊರಿಕೊಂಡಿದೆ, ಮೈ ಮಾತ್ರ ತಿರುಗಿದೆ. ಮಂಡಿಚಿಪ್ಪು ಹೊರಮಗ್ಗುಲಿಗೆ ಜಾರುತ್ತದೆ. ಕಾಲು ನೀಡಿದರೆ ಎಷ್ಟೋ ಸಲ ತಾನಾಗಿಯೇ ವಾಪಸ್ ಕೂರುತ್ತದೆ. ಮನೆಯವರು ‘ಉಳುಕಿರಬೇಕು’ ಎಂದು ಎಣ್ಣೆ ಹಚ್ಚಿ ಸುಮ್ನಾಗುತ್ತಾರೆ. ಆದರೆ ಒಳಗೊಂದು ಪಟ್ಟಿ ಹರಿದಿರುತ್ತದೆ. ಅದೇ ಎಂಪಿಎಫ್‌ಎಲ್.

ಪೂರ್ತಿ ಹೆಸರು ಮೀಡಿಯಲ್ ಪಟೆಲ್ಲೊಫೆಮೊರಲ್ ಲಿಗಮೆಂಟ್. ಮೀಡಿಯಲ್ ಅಂದರೆ ಒಳಮಗ್ಗುಲು, ಪಟೆಲ್ಲಾ ಅಂದರೆ ಚಿಪ್ಪು, ಫೀಮರ್ ಅಂದರೆ ತೊಡೆಮೂಳೆ. ಹೆಸರಲ್ಲೇ ವಿಳಾಸ ಇದೆ, ಅಲ್ವಾ? ಉದ್ದ ಸುಮಾರು 5–6 ಸೆಂ.ಮೀ. ಅಷ್ಟೇ.

ಗೂಟಕ್ಕೆ ಕಟ್ಟಿದ ಹಸುವನ್ನು ನೆನೆಸಿಕೊಳ್ಳಿ. ಹತ್ತಿರ ಮೇಯುವಾಗ ಹಗ್ಗ ಸಡಿಲ. ಪಕ್ಕದ ಹೊಲಕ್ಕೆ ಬಾಯಿ ಹಾಕಲು ಹೊರಟಾಗ ಬಿಗಿಯುತ್ತದೆ. ಈ ಪಟ್ಟಿಯ ಕೆಲಸವೂ ಅದೇ. ಮಂಡಿ ಸುಮಾರು 30 ಡಿಗ್ರಿ ಮಡಿಯುವವರೆಗೆ ಚಿಪ್ಪನ್ನು ಹೊರಕ್ಕೆ ಜಾರಲು ಬಿಡದ ಮುಖ್ಯ ಹಿಡಿತ ಇದರದು. ಇನ್ನೂ ಮಡಿಸಿದರೆ ಚಿಪ್ಪು ತೊಡೆಮೂಳೆಯ ತೋಡಿಗೆ ಇಳಿಯುತ್ತದೆ, ಆಗ ಮೂಳೆಯೇ ಹಿಡಿದುಕೊಳ್ಳುತ್ತದೆ.

ರೀಕನ್‌ಸ್ಟ್ರಕ್ಷನ್ ಅಂದರೆ ಹರಿದ ಹಗ್ಗಕ್ಕೆ ಗಂಟು ಹಾಕುವುದಲ್ಲ, ಹೊಸದನ್ನೇ ಕಟ್ಟುವುದು. ಸಾಮಾನ್ಯವಾಗಿ ರೋಗಿಯದೇ ತೊಡೆಯಿಂದ ಗ್ರಾಸಿಲಿಸ್ ಎಂಬ ಸ್ನಾಯುವಿನ ತೆಳು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ತೆಗೆಯುತ್ತಾರೆ. ಅದರ ಒಂದು ಕಡೆಯನ್ನು ಚಿಪ್ಪಿನ ಒಳ ಅಂಚಿಗೆ ಕೂರಿಸುತ್ತಾರೆ. ಇನ್ನೊಂದನ್ನು ತೊಡೆಮೂಳೆಯಲ್ಲಿ ಕೊರೆದ ಸಣ್ಣ ರಂಧ್ರಕ್ಕೆ.

ಇಡೀ ಆಪರೇಷನ್ನಿನ ಜೀವ ಆ ರಂಧ್ರದ ಜಾಗದಲ್ಲಿದೆ. ಗೂಟ ತುಸು ಮೇಲಕ್ಕೋ ಮುಂದಕ್ಕೋ ಹೋದರೂ ಮಂಡಿ ಮಡಿಸಿದಾಗ ಹಗ್ಗ ಬಿಗಿದು ಚಿಪ್ಪನ್ನು ಒತ್ತುತ್ತದೆ. ನೋವು ಬರುತ್ತದೆ, ಒಳಗಿನ ಮೆದುಮೂಳೆಯೂ ಸವೆಯುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಆ ಜಾಗ ಗುರುತಿಸುವ ರೀತಿಯನ್ನು ಫಿಲಿಪ್ ಶೋಟ್ಲೆ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಅದಕ್ಕೇ ‘ಶೋಟ್ಲೆ ಪಾಯಿಂಟ್’ ಎಂಬ ಹೆಸರು. ‘ಗಟ್ಟಿಯಾಗಿ ಎಳೆದು ಕಟ್ಟಿಬಿಡಿ ಡಾಕ್ಟ್ರೇ’ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಚಿಪ್ಪಿಗೆ ಸ್ವಲ್ಪ ಆಡಲು ಜಾಗ ಇರಲೇಬೇಕು.

ಮೊದಲ ಸಲ ಜಾರಿದವರಿಗೆಲ್ಲ ಇದು ಬೇಕಿಲ್ಲ. ಮೆದುಮೂಳೆಯ ಚೂರು ಮುರಿದು ಬಿದ್ದಿರದಿದ್ದರೆ ಸಾಮಾನ್ಯವಾಗಿ ಬ್ರೇಸ್ ಮತ್ತು ಫಿಸಿಯೋಥೆರಪಿಯಿಂದಲೇ ಶುರು. ಮತ್ತೆ ಮತ್ತೆ ಜಾರಿದರೆ ಆಪರೇಷನ್ ಮಾತು ಬರುತ್ತದೆ. ಆಗಲೂ ಎಂಆರ್‌ಐ ನೋಡಿ ಡಾಕ್ಟರನ್ನು ಕೇಳಬೇಕಾದ್ದಿದೆ: ತೋಡು ಆಳ ಇದೆಯಾ? ಚಿಪ್ಪು ಇರಬೇಕಾದ್ದಕ್ಕಿಂತ ಮೇಲೆ ಕೂತಿದೆಯಾ? ಮೂಳೆಯಲ್ಲೇ ದೋಷ ಜಾಸ್ತಿ ಇದ್ದರೆ ಬರೀ ಹಗ್ಗ ಸಾಲದು, ಮೂಳೆಯನ್ನೂ ಸರಿಪಡಿಸಬೇಕಾಗಬಹುದು. ಬೆಳೆಯುವ ಮಕ್ಕಳಲ್ಲಿ ರಂಧ್ರ ಕೊರೆಯುವಾಗ ಮೂಳೆ ಬೆಳೆಯುವ ಪದರಕ್ಕೆ ಪೆಟ್ಟಾಗಬಾರದು.

ಆಮೇಲೆ ಕೆಲವು ವಾರ ಊರುಗೋಲು, ತೊಡೆಯ ಮುಂಭಾಗದ ಸ್ನಾಯುವಿಗೆ ತಿಂಗಳುಗಟ್ಟಲೆ ವ್ಯಾಯಾಮ. ಆಟಕ್ಕೆ ಮರಳಲು ಆರು ತಿಂಗಳು ಹಿಡಿಯಬಹುದು, ಕೆಲವರಿಗೆ ಇನ್ನೂ ಜಾಸ್ತಿ. ಹೆದರಿಕೆ ಹೋಗಲೂ ಸಮಯ ಬೇಕು. ಚಿಪ್ಪು ಜಾರುವವರ ಮಂಡಿಯನ್ನು ಡಾಕ್ಟರು ಹೆಬ್ಬೆರಳಿನಿಂದ ಹೊರಕ್ಕೆ ತಳ್ಳಿ ನೋಡಿದರೆ ಅವರು ಬೆಚ್ಚಿ ಡಾಕ್ಟರ ಕೈ ಹಿಡಿದುಬಿಡುತ್ತಾರೆ. ಹಗ್ಗ ಸರಿಯಾಗಿ ಕೂತಿದ್ದರೆ, ಕಾಲಿಗೆ ಬಲ ಬಂದ ಮೇಲೆ ಅದೇ ಪರೀಕ್ಷೆಗೆ ನಿಶ್ಚಿಂತೆಯಿಂದ ಮಲಗಿರುತ್ತಾರೆ.