ಅರ್ಧ ಸಭಾಂಗಣ ಎದ್ದುಹೋಗುವ ಸಿನಿಮಾವನ್ನು ತೋರಿಸುವುದು ಹೇಗೆ

ಹತ್ತಕ್ಕೆ ಐದೂವರೆ ಅಂಕ ಬಿದ್ದ ಎರಡು ಸಿನಿಮಾಗಳಿವೆ ಎಂದುಕೊಳ್ಳಿ. ಮೊದಲನೆಯದಕ್ಕೆ ನೋಡಿದವರೆಲ್ಲ ಐದೋ ಆರೋ ಕೊಟ್ಟಿದ್ದಾರೆ. ಎರಡನೆಯದಕ್ಕೆ ಅರ್ಧ ಜನ ಒಂಬತ್ತು ಕೊಟ್ಟಿದ್ದಾರೆ, ಇನ್ನರ್ಧ ಜನ ಎರಡು. ಸರಾಸರಿ ಎರಡಕ್ಕೂ ಒಂದೇ. ಮೊದಲನೆಯದು ಸಾಧಾರಣ ಚಿತ್ರ, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎರಡನೆಯದರ ವಿಷಯದಲ್ಲಿ ಸರಾಸರಿ ಏನನ್ನೂ ತಿಳಿಸುವುದಿಲ್ಲ, ಅಂಕಗಳು ಹೇಗೆ ಹಂಚಿಹೋಗಿವೆ ಎಂಬುದನ್ನೇ ನೋಡಬೇಕು. ಕಣ್ಣು ಕೀಳಲಾಗದ ದೃಶ್ಯಗಳಿದ್ದೂ ಸುಲಭಕ್ಕೆ ಬಗ್ಗದ ಕಲಾತ್ಮಕ ಸೈನ್ಸ್ ಫಿಕ್ಷನ್ ಚಿತ್ರಗಳು ಬಹುಪಾಲು ಈ ಎರಡನೇ ಗುಂಪಿನವು.

ಇಂಥ ಚಿತ್ರ ಮುಗಿದು ದೀಪ ಹತ್ತಿದಾಗ ಒಬ್ಬರು ಏಳಲು ಮನಸ್ಸಾಗದೆ ಕೂತೇ ಇರುತ್ತಾರೆ, ಪಕ್ಕದವರು ಎರಡು ಗಂಟೆ ಹಾಳಾಯಿತೆಂದು ಸಿಟ್ಟಾಗಿರುತ್ತಾರೆ. ಇದನ್ನು ಅಭಿರುಚಿಯ ವ್ಯತ್ಯಾಸವೆಂದು ಬಿಟ್ಟುಬಿಡುವುದು ರೂಢಿ. ಅದಕ್ಕಿಂತ ಕೆಟ್ಟದ್ದು, ಮೆಚ್ಚಿದವರೆಲ್ಲ ಬುದ್ಧಿವಂತರು, ಮೆಚ್ಚದವರಿಗೆ ತಲೆಗೆ ಹತ್ತಲಿಲ್ಲ ಎಂಬ ತೀರ್ಪು. ಪ್ರದರ್ಶನದ ಕೆಲಸ ಮಾಡುವವರಿಗೆ ಕಾಣುವುದು ಬೇರೆ. ಒಡಕಿನ ದೊಡ್ಡ ಪಾಲು ಸಿನಿಮಾ ಶುರುವಾಗುವ ಮೊದಲೇ ತಯಾರಾಗಿರುತ್ತದೆ: ಪೋಸ್ಟರಿನಲ್ಲಿ, ಟ್ರೇಲರಿನಲ್ಲಿ, ಪ್ರೊಜೆಕ್ಟರಿನ ಸೆಟ್ಟಿಂಗಿನಲ್ಲಿ. ಆ ಪಾಲನ್ನು ಕಳೆದ ಮೇಲೆ ಉಳಿಯುವ ಭಿನ್ನಾಭಿಪ್ರಾಯ ಮಾತ್ರ ಚಿತ್ರದ್ದು. ಅದು ಚರ್ಚೆಗೆ ಯೋಗ್ಯ.

ಉದಾಹರಣೆಗೆ ಜೊನಾಥನ್ ಗ್ಲೇಜರ್ ನಿರ್ದೇಶನದ 2013ರ 'ಅಂಡರ್ ದ ಸ್ಕಿನ್' ತೆಗೆದುಕೊಳ್ಳೋಣ. ಅನ್ಯಗ್ರಹದ ಜೀವಿಯೊಂದು ಹೆಣ್ಣಿನ ರೂಪ ತೊಟ್ಟು ಸ್ಕಾಟ್‌ಲೆಂಡಿನ ರಸ್ತೆಗಳಲ್ಲಿ ವ್ಯಾನ್ ಓಡಿಸುತ್ತ, ಒಂಟಿ ಗಂಡಸರನ್ನು ಹತ್ತಿಸಿಕೊಂಡು ಕಪ್ಪು ಕೋಣೆಯೊಂದಕ್ಕೆ ಕರೆದೊಯ್ಯುತ್ತದೆ. ವ್ಯಾನಿನೊಳಗೆ ಕ್ಯಾಮೆರಾಗಳನ್ನು ಬಚ್ಚಿಟ್ಟು ಚಿತ್ರಿಸಿದ್ದರಿಂದ, ಆ ಪಾತ್ರ ಮಾಡಿದ ನಟಿ ಸ್ಕಾರ್ಲೆಟ್ ಜೊಹಾನ್ಸನ್ ಜೊತೆ ಮಾತಿಗಿಳಿಯುವವರಲ್ಲಿ ಕೆಲವರು ನಟರೇ ಅಲ್ಲ, ದಾರಿಹೋಕರು. ಚಿತ್ರಕ್ಕೆ ಆಧಾರವಾದ ಮಿಶೆಲ್ ಫೇಬರ್ ಅವರ 2000ದ ಕಾದಂಬರಿಯಲ್ಲಿ ಗಂಡಸರನ್ನು ಹಿಡಿಯುವುದು ಯಾಕೆಂಬುದು ಸ್ಪಷ್ಟ: ಮಾಂಸಕ್ಕಾಗಿ. ಸಿನಿಮಾ ಅದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಆಕೆಯ ಹಿಂದೆ ಮುಂದೆ ಓಡಾಡುವ ಮೋಟಾರ್‌ಸೈಕಲ್ ಸವಾರ ಯಾರೆಂದೂ ಹೇಳುವುದಿಲ್ಲ.

ಕೌಟುಂಬಿಕ ಕಥೆಯ ಚಿತ್ರವೊಂದು ಇಷ್ಟೇ ಮೌನವಾಗಿದ್ದರೆ ಪ್ರೇಕ್ಷಕರು ಸಹಿಸಿಕೊಳ್ಳುತ್ತಾರೆ. ಸೈನ್ಸ್ ಫಿಕ್ಷನ್ ಎಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಈ ಪ್ರಕಾರ ಬೆಳೆದದ್ದೇ ವಿವರಣೆಯ ಮೇಲೆ. ಯಂತ್ರ ಹೇಗೆ ಓಡುತ್ತದೆ, ಬಂದವರು ಎಲ್ಲಿಂದ ಬಂದರು, ಈ ಲೋಕದ ನಿಯಮಗಳೇನು ಎಂದು ಹುಡುಕುವುದು ಇದರ ಓದುಗರಿಗೂ ನೋಡುಗರಿಗೂ ದಶಕಗಳಿಂದ ಮೈಗೂಡಿದ ಅಭ್ಯಾಸ. ಅದು ಸೋಮಾರಿತನದ ಲಕ್ಷಣವಲ್ಲ, ಚುರುಕಿನ ಲಕ್ಷಣ. ಹಾಗಾಗಿ ಈ ಪ್ರಕಾರದ ಹೆಸರು ಹೇಳಿ ಕರೆದು ವಿವರಣೆಯನ್ನು ತಡೆಹಿಡಿದ ಚಿತ್ರ ಅವರಿಗೆ ಕಷ್ಟವೆನಿಸುವುದಕ್ಕಿಂತ ಮೊದಲು ಮಾತು ತಪ್ಪಿದ್ದೆನಿಸುತ್ತದೆ. ಸಿಟ್ಟಿಗೆ ಮೂಲ ಇಲ್ಲಿದೆ.

ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ದಿನವೇ ಚಿತ್ರಮಂದಿರದಲ್ಲಿ ಪ್ರೇಕ್ಷಕರಿಂದ 'ಎ'ಯಿಂದ 'ಎಫ್'ವರೆಗೆ ದರ್ಜೆ ಕೇಳುತ್ತದೆ. ಸ್ಟೀವನ್ ಸೋಡರ್‌ಬರ್ಗ್ ಅವರ 2002ರ 'ಸೊಲಾರಿಸ್'ಗೆ ಸಿಕ್ಕಿದ್ದು 'ಎಫ್'. ಅಲೆಕ್ಸ್ ಗಾರ್ಲೆಂಡ್ ಅವರ 2018ರ 'ಅನೈಹಿಲೇಶನ್'ಗೆ 'ಸಿ'. ಮೊದಲ ದಿನ ಬರುವವರು ಜಾಹೀರಾತು ನೋಡಿ, ತಾರೆಯ ಹೆಸರು ನೋಡಿ ಬಂದವರು. ಅವರ ದರ್ಜೆ ಚಿತ್ರದ ಗುಣಕ್ಕಿಂತ ಹೆಚ್ಚಾಗಿ, ಕೊಟ್ಟ ಮಾತಿಗೂ ಸಿಕ್ಕ ಚಿತ್ರಕ್ಕೂ ಇರುವ ಅಂತರವನ್ನು ಅಳೆಯುತ್ತದೆ. 'ಸೊಲಾರಿಸ್'ನಂತೆ ಬಾಹ್ಯಾಕಾಶ, ನೌಕೆ, ದೊಡ್ಡ ನಟ ಎಂದು ಕರೆದು ಹೆಂಡತಿಯನ್ನು ಕಳೆದುಕೊಂಡವನ ಸಂಕಟವನ್ನು ತೋರಿಸಿದರೆ ಆ ಅಂತರ ದೊಡ್ಡದಾಗಿಯೇ ಇರುತ್ತದೆ.

ಇನ್ನೊಂದು ಕಾರಣ ಸಮಯ. ಇತ್ತೀಚಿನ ಜನಪ್ರಿಯ ಚಿತ್ರಗಳಲ್ಲಿ ಒಂದು ಶಾಟ್, ಅಂದರೆ ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು, ಸರಾಸರಿ ಮೂರರಿಂದ ಆರು ಸೆಕೆಂಡು ಇರುತ್ತದೆ. ಸೋವಿಯತ್ ನಿರ್ದೇಶಕ ಆಂದ್ರೇ ತಾರ್ಕೊವ್‌ಸ್ಕಿಯ 1979ರ 'ಸ್ಟಾಕರ್' ಸುಮಾರು 160 ನಿಮಿಷದ್ದು, ಶಾಟ್‌ಗಳು ಕೇವಲ 142. ಅಂದರೆ ಸರಾಸರಿ ಒಂದು ನಿಮಿಷಕ್ಕೂ ಹೆಚ್ಚು. ಅವರದೇ 1972ರ 'ಸೊಲಾರಿಸ್'ನಲ್ಲಿ ಟೋಕಿಯೋದ ಹೆದ್ದಾರಿಯಲ್ಲಿ ಕಾರು ಸುಮಾರು ಐದು ನಿಮಿಷ ಸುಮ್ಮನೆ ಹೋಗುತ್ತಲೇ ಇರುತ್ತದೆ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಮೊದಲ ಮಾತು ಕೇಳಿಸಲು ಸುಮಾರು 25 ನಿಮಿಷ ಕಾಯಬೇಕು. 1968ರ ಏಪ್ರಿಲ್‌ನಲ್ಲಿ ಮೊದಲ ಪ್ರದರ್ಶನಗಳಾದ ಮೇಲೆ ಕುಬ್ರಿಕ್ ಸುಮಾರು 19 ನಿಮಿಷ ಕತ್ತರಿಸಿದರು, ಆದರೂ ಮಾತಿಲ್ಲದ ಆ ಆರಂಭವನ್ನು ತೆಗೆದುಹಾಕಲಿಲ್ಲ.

ದೀರ್ಘ ಶಾಟ್ ನೋಡುಗರ ಮೇಲೆ ಕೆಲಸ ಮಾಡುವುದು ಮೂರು ಹಂತದಲ್ಲಿ. ಮೊದಲ ಕೆಲವು ಸೆಕೆಂಡುಗಳಲ್ಲಿ ಕಣ್ಣು ಮಾಹಿತಿ ಹೆಕ್ಕುತ್ತದೆ: ಇದು ರಸ್ತೆ, ಇವನು ನಡೆಯುತ್ತಿದ್ದಾನೆ. ಅದು ಮುಗಿದೊಡನೆ ಕಟ್ ಬರಬೇಕೆಂದು ಮನಸ್ಸು ಕಾಯುತ್ತದೆ. ಬಾರದಿದ್ದಾಗ ಚಡಪಡಿಕೆ. ಕೈ ಫೋನಿನ ಕಡೆ ಹೋಗುವುದು ಈ ಗಳಿಗೆಯಲ್ಲೇ. ಇದನ್ನು ದಾಟಿದವರ ಕಣ್ಣು ಚೌಕಟ್ಟಿನೊಳಗೆ ತಾನಾಗಿ ಅಲೆಯತೊಡಗುತ್ತದೆ. ಮೂಲೆಯ ನೀರು, ಹಿಂದಿನ ಮಂಜು, ಗೋಡೆಯ ತೇವ, ದೂರದ ಸದ್ದು ಒಂದೊಂದಾಗಿ ಸಿಗುತ್ತವೆ. ಚಿತ್ರವನ್ನು ಮೆಚ್ಚಿದವರು ಹೇಳುವ ಸಂಗತಿಗಳೆಲ್ಲ ಬಹುಮಟ್ಟಿಗೆ ಈ ಮೂರನೇ ಹಂತದಲ್ಲಿ ಸಿಕ್ಕವು. ನಿರ್ದೇಶಕ ಆ ಜಾಗದಲ್ಲಿ ಏನನ್ನಾದರೂ ಇಟ್ಟಿರಬೇಕು, ಇಟ್ಟದ್ದು ಪರದೆಯ ಮೇಲೆ ಕಾಣಿಸುವಂತೆಯೂ ಇರಬೇಕು. ಎರಡನೆಯದು ಪ್ರದರ್ಶಕರ ಹೊಣೆ, ಮತ್ತು ತಪ್ಪುವುದು ಇಲ್ಲೇ ಹೆಚ್ಚು.

'ಅಂಡರ್ ದ ಸ್ಕಿನ್'ನ ಕಪ್ಪು ಕೋಣೆಯಲ್ಲಿ ಗೋಡೆಯಿಲ್ಲ, ನೆಲವೆಂದರೆ ಹೊಳೆಯುವ ಕಪ್ಪು. ಗಂಡಸರು ನಡೆಯುತ್ತ ನಡೆಯುತ್ತ ಆ ಕಪ್ಪಿನೊಳಗೆ ಇಳಿದುಹೋಗುತ್ತಾರೆ. ಆ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದರೆ ದೃಶ್ಯ ಬರಿಯ ಸ್ಟುಡಿಯೋ ನೆಲವಾಗುತ್ತದೆ. ಅಲ್ಲಿ ಏನೂ ಇರಲಿಲ್ಲ ಎಂದು ದೂರುವ ಪ್ರೇಕ್ಷಕರು ಹಲವು ಸಲ ನಿಜವನ್ನೇ ಹೇಳುತ್ತಿರುತ್ತಾರೆ. ಅವರು ನೋಡಿದ ಪರದೆಯ ಮೇಲೆ ನಿಜಕ್ಕೂ ಇರಲಿಲ್ಲ.

ಚಿತ್ರಮಂದಿರದ ಡಿಜಿಟಲ್ ಪ್ರದರ್ಶನದಲ್ಲಿ ಪರದೆಯ ನಡುಭಾಗದ ಬಿಳಿ ಚದರ ಮೀಟರಿಗೆ 48 ಕ್ಯಾಂಡೆಲಾ (ಬೆಳಕಿನ ಅಳತೆಯ ಮಾನ) ಬೆಳಕು ಕೊಡಬೇಕು. ಹಳೆಯದಾದ ಲ್ಯಾಂಪ್ ಅಷ್ಟು ಕೊಡದು. ತ್ರೀಡಿ ಫಿಲ್ಟರನ್ನು ತೆಗೆಯದೆ ಸಾಮಾನ್ಯ ಚಿತ್ರ ಓಡಿಸಿದರೆ ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಫಿಲ್ಮ್ ಸೊಸೈಟಿಗಳು ಬಳಸುವ ಸಣ್ಣ ಪ್ರೊಜೆಕ್ಟರುಗಳ ತೊಂದರೆ ಇದಕ್ಕೆ ವಿರುದ್ಧ: ಬಿಳಿ ಸಾಕಷ್ಟಿರುತ್ತದೆ, ಕಪ್ಪು ಇರುವುದಿಲ್ಲ. ಪ್ರೊಜೆಕ್ಟರ್ ಕಪ್ಪನ್ನು ಬೀರಲಾರದು. ದೀಪ ಆರಿಸಿದ ಕೋಣೆಯಲ್ಲಿ ಖಾಲಿ ಪರದೆ ಎಷ್ಟು ಕಪ್ಪಾಗಿ ಕಾಣುತ್ತದೋ ಅದಕ್ಕಿಂತ ಕಪ್ಪು ಯಾವ ಚಿತ್ರದಲ್ಲೂ ಬಾರದು. ಆದ್ದರಿಂದ ಪ್ರದರ್ಶನಕ್ಕೆ ಮುನ್ನ ದೀಪಗಳನ್ನೆಲ್ಲ ಆರಿಸಿ ಖಾಲಿ ಪರದೆಯನ್ನೇ ಒಂದು ನಿಮಿಷ ನೋಡಿ. ಬಾಗಿಲ ಸಂದಿನ ಬೆಳಕು, ಲ್ಯಾಪ್‌ಟಾಪಿನ ಪರದೆ, ಪರದೆಗೆ ಹತ್ತಿರದ ಬಿಳಿ ಗೋಡೆಗಳಿಂದ ಮರಳುವ ಹೊಳಪು ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಪರದೆಯ ಎರಡೂ ಪಕ್ಕದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟರೆ ಹೊಸ ಪ್ರೊಜೆಕ್ಟರ್ ಕೊಂಡಷ್ಟು ವ್ಯತ್ಯಾಸವಾಗುವುದುಂಟು. ನಿರ್ಗಮನ ದ್ವಾರದ ದೀಪವನ್ನು ಮಾತ್ರ ಮುಚ್ಚಬಾರದು, ಅದು ಸುರಕ್ಷತೆಗೆ ಬೇಕು.

ಲ್ಯಾಪ್‌ಟಾಪ್ ಅಥವಾ ಪ್ಲೇಯರನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದಾಗ ಇನ್ನೊಂದು ಎಡವಟ್ಟಾಗುತ್ತದೆ. 8 ಬಿಟ್ ವಿಡಿಯೋ ಸಂಕೇತದಲ್ಲಿ, ಅಂದರೆ ಹೊಳಪನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆಯುವ ಸಂಕೇತದಲ್ಲಿ, ಕಪ್ಪಿಗೆ 16, ಬಿಳಿಗೆ 235. ಕಂಪ್ಯೂಟರಿನ ಲೆಕ್ಕದಲ್ಲಿ ಕಪ್ಪಿಗೆ 0, ಬಿಳಿಗೆ 255. ಕಳಿಸುವ ಸಾಧನ 16–235 ಎಂದು ಕಳಿಸಿ, ತೋರಿಸುವ ಸಾಧನ 0–255 ಎಂದು ತಿಳಿದರೆ ಕಪ್ಪೆಲ್ಲ ಬೂದಿಯಾಗುತ್ತದೆ. ತಿರುಗುಮುರುಗಾದರೆ ನೆರಳಿನ ವಿವರಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಸೆಟ್ಟಿಂಗಿನಲ್ಲಿ ಎರಡೂ ಕಡೆ 'ಲಿಮಿಟೆಡ್' (16–235) ಅಥವಾ ಎರಡೂ ಕಡೆ 'ಫುಲ್' (0–255) ಇರಬೇಕು, ಅಷ್ಟೇ. ಹೊಂದಿಸಿದ ಮೇಲೆ ಚಿತ್ರದ ಅತ್ಯಂತ ಕತ್ತಲೆಯ ದೃಶ್ಯವನ್ನೇ ಹಾಕಿ ನೋಡಿ, ಹಗಲಿನ ದೃಶ್ಯದಲ್ಲಿ ಈ ದೋಷ ಗೊತ್ತಾಗುವುದಿಲ್ಲ.

ಸ್ಟ್ರೀಮಿಂಗ್‌ನಲ್ಲಿ ಕತ್ತಲೆಗೆ ಮತ್ತೊಂದು ಕಾಟ. 8 ಬಿಟ್ ವಿಡಿಯೋದಲ್ಲಿ ಹೊಳಪಿನ ಕೆಳಗಿನ ಶೇಕಡಾ 5ಕ್ಕೆ ಸಿಗುವುದು ಸುಮಾರು 11 ಮೆಟ್ಟಿಲುಗಳು ಮಾತ್ರ. ಇಂಟರ್‌ನೆಟ್ ವೇಗ ಕಡಿಮೆಯಾದಾಗ ಮೊದಲು ಬಲಿಯಾಗುವುದು ಈ ಮೆಟ್ಟಿಲುಗಳೇ, ಆಗ ಮಂಜು ಕವಿದ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಡಿಸ್ಕ್ ಸಿಗುವುದಾದರೆ ಇಂಥ ಚಿತ್ರಕ್ಕೆ ಡಿಸ್ಕೇ ಉತ್ತಮ. ಟಿವಿಯಲ್ಲಿ ನೋಡುವವರು ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಆರಿಸಬೇಕು. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರಕ್ಕೆ ಅದು ಇಲ್ಲದ ಚೌಕಟ್ಟುಗಳನ್ನು ಸೇರಿಸಿ ಎಲ್ಲವನ್ನೂ ನೇರಪ್ರಸಾರದಂತೆ ಮಾಡಿಬಿಡುತ್ತದೆ. 'ಫಿಲ್ಮ್‌ಮೇಕರ್ ಮೋಡ್' ಇರುವ ಟಿವಿಯಾದರೆ ಅದನ್ನು ಹಾಕಿದರೆ ಸಾಕು. 'ಸ್ಟಾಕರ್' ತರಹದ ಹೆಚ್ಚುಕಡಿಮೆ ಚೌಕಾಕಾರದ ಚಿತ್ರವನ್ನು ಅಗಲ ಟಿವಿಗೆ ತುಂಬುವಂತೆ ಹಿಗ್ಗಿಸಿದರೆ ಚೌಕಟ್ಟಿನ ಎತ್ತರದಲ್ಲಿ ಸುಮಾರು ಕಾಲು ಭಾಗ ಕತ್ತರಿಸಿಹೋಗುತ್ತದೆ. ಪಕ್ಕದ ಕಪ್ಪು ಪಟ್ಟಿಗಳು ಹಾಗೆಯೇ ಇರಲಿ.

ಕಣ್ಣಿಗೂ ಸಮಯ ಬೇಕು. ಕತ್ತಲೆಗೆ ಹೊಂದಿಕೊಳ್ಳಲು ಮೊದಲ ಹತ್ತು ನಿಮಿಷದಲ್ಲಿ ಒಂದು ಮಟ್ಟ, ಪೂರ್ತಿಯಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಸಭಾಂಗಣದ ದೀಪಗಳನ್ನು ಹತ್ತು ನಿಮಿಷ ಮೊದಲೇ ಮಂಕು ಮಾಡಿಡುವುದು ಒಳ್ಳೆಯದು. ನಡುವೆ ಫೋನು ತೆರೆದವರು ಆ ಹೊಂದಾಣಿಕೆಯನ್ನು ತಾವೂ ಕಳೆದುಕೊಳ್ಳುತ್ತಾರೆ, ಅಕ್ಕಪಕ್ಕದವರಿಗೂ ಕಳೆಯುತ್ತಾರೆ.

ಧ್ವನಿಯಲ್ಲಿ ಆಗುವ ತಪ್ಪು ಒಂದೇ, ಕಡಿಮೆ ಮಾಡುವುದು. ಚಿತ್ರಮಂದಿರದ ಸೌಂಡ್ ಪ್ರೊಸೆಸರಿನಲ್ಲಿ 7 ಎಂಬುದು ಸರಿಯಾದ ಮಟ್ಟದ ಗುರುತು, ಪರದೆಯ ಹಿಂದಿನ ಒಂದೊಂದು ಚಾನೆಲ್ಲೂ ಪರೀಕ್ಷಾ ಧ್ವನಿಗೆ 85 ಡೆಸಿಬೆಲ್ ಕೊಡುವಂತೆ ಹೊಂದಿಸಿರುತ್ತಾರೆ. ಗದ್ದಲದ ಜಾಹೀರಾತಿಗೆಂದು ತಗ್ಗಿಸಿದ್ದು ಚಿತ್ರಕ್ಕೂ ಹಾಗೆಯೇ ಉಳಿದುಬಿಡುತ್ತದೆ. ಮೀಕಾ ಲೀವಿ 'ಅಂಡರ್ ದ ಸ್ಕಿನ್'ಗೆ ಕೊಟ್ಟ ಸಂಗೀತದಲ್ಲಿ ವಯೋಲಾ (ವಯಲಿನ್‌ಗಿಂತ ತುಸು ದೊಡ್ಡ ವಾದ್ಯ) ತಂತಿಗಳು ಸ್ವರದಿಂದ ಕೊಂಚ ಕೊಂಚವೇ ಜಾರುತ್ತ ಮೈಯನ್ನು ಕೊರೆಯುತ್ತವೆ. ತಗ್ಗಿಸಿದರೆ ಅದು ಹಿನ್ನೆಲೆಯ ಗುಂಯ್‌ಗುಟ್ಟುವಿಕೆ. ಮನೆಯಲ್ಲಿ 'ನೈಟ್ ಮೋಡ್' ಹಾಕಿದರೂ ಇದೇ ಗತಿ, ಅದು ಮೌನವನ್ನು ಎತ್ತಿ ಅಬ್ಬರವನ್ನು ಇಳಿಸಿ ಎರಡನ್ನೂ ಸಮ ಮಾಡುತ್ತದೆ.

ಉಪಶೀರ್ಷಿಕೆಯ ಬಗ್ಗೆ ಒಂದು ಮಾತು. ಕಪ್ಪು ದೃಶ್ಯದ ಮೇಲೆ ಅಚ್ಚಬಿಳಿ ಅಕ್ಷರ ಬಂದರೆ ಕಣ್ಣು ಅಲ್ಲಿಗೇ ಅಂಟಿಕೊಳ್ಳುತ್ತದೆ, ಸಾಧ್ಯವಿದ್ದಲ್ಲಿ ತಿಳಿಬೂದು ಬಣ್ಣಕ್ಕೆ ಬದಲಿಸಿ. ಸಂಗೀತವನ್ನೂ ಸದ್ದನ್ನೂ ಆವರಣದಲ್ಲಿ ಬರೆದು ತೋರಿಸುವ ಉಪಶೀರ್ಷಿಕೆ ಕಿವಿ ಕೇಳದವರಿಗೆ ಅಗತ್ಯ, ಅವರಿದ್ದಾರೆಂದರೆ ಅದನ್ನೇ ಹಾಕಬೇಕು. ಇಲ್ಲವಾದರೆ ಸಂಭಾಷಣೆ ಮಾತ್ರ ಇರುವುದು ಸಾಕು. ಭಯ ಹುಟ್ಟಿಸುವ ಸಂಗೀತ ಎಂದು ಮೊದಲೇ ಓದಿದವರಿಗೆ ಆ ಭಯ ಹುಟ್ಟುವುದಿಲ್ಲ.

ಪ್ರದರ್ಶನಕ್ಕೆ ಮುನ್ನ ಮೂರು ನಿಮಿಷ ಮಾತಾಡಿ, ಅದಕ್ಕಿಂತ ಹೆಚ್ಚು ಬೇಡ. ಅವಧಿ ಎಷ್ಟು, ಮಾತು ಕಡಿಮೆ, ಬಂದ ಜೀವಿ ಎಲ್ಲಿಂದ ಬಂತೆಂಬ ವಿವರಣೆ ಕೊನೆಯವರೆಗೂ ಸಿಗುವುದಿಲ್ಲ ಎಂದು ನೇರವಾಗಿ ತಿಳಿಸಿ. ಇದನ್ನು ಹೇಳಿದರೆ ಕಥೆಯ ಗುಟ್ಟು ರಟ್ಟಾಗುವುದಿಲ್ಲ, ಹುಡುಕುವ ಕೆಲಸದಿಂದ ನೋಡುಗರಿಗೆ ಬಿಡುಗಡೆ ಸಿಗುತ್ತದೆ. ನಗ್ನತೆ, ಹಿಂಸೆ, ಸಂಕಟದಲ್ಲಿರುವ ಮಗುವಿನ ದೃಶ್ಯ ಇದ್ದರೆ ಅದನ್ನೂ ಹೇಳಬೇಕು. 'ಅಂಡರ್ ದ ಸ್ಕಿನ್'ನ ಕಡಲತೀರದ ದೃಶ್ಯ ಎಚ್ಚರಿಕೆಯಿಲ್ಲದೆ ತೋರಿಸುವಂಥದ್ದಲ್ಲ. ಆದರೆ ಇದು ಮೇರುಕೃತಿ ಎನ್ನಬೇಡಿ, ಅರ್ಥವನ್ನೂ ಬಿಡಿಸಬೇಡಿ. ಮೇರುಕೃತಿ ಎಂದು ಕೇಳಿಸಿಕೊಂಡು ಕೂತವರಿಗೆ ಬೇಸರವಾದರೆ, ಆ ಬೇಸರದ ಜೊತೆಗೆ ಅವಮಾನವೂ ಸೇರುತ್ತದೆ.

ಮುಗಿದ ಮೇಲೆ ಹತ್ತು ನಿಮಿಷ ಬಿಡುವು ಕೊಟ್ಟು ಚರ್ಚೆ ಶುರುಮಾಡಿ, ಮೆಚ್ಚದವರಿಗೆ ಮೊದಲ ಮಾತು ಕೊಡಿ. ಮೆಚ್ಚಿದವರು ಮೊದಲು ಮಾತಾಡಿದರೆ ಉಳಿದವರು ಬಾಯಿ ತೆರೆಯುವುದೇ ಇಲ್ಲ. ಚಿತ್ರ ಏನು ಹೇಳುತ್ತದೆ ಎಂಬ ಪ್ರಶ್ನೆ ಬೇಡ, ಯಾವ ದೃಶ್ಯದಲ್ಲಿ ಮನಸ್ಸು ಕಿತ್ತುಹೋಯಿತು ಎಂದು ಕೇಳಿ. ಉತ್ತರದಲ್ಲಿ ದೂರಿನ ಜಾತಿ ತಿಳಿಯುತ್ತದೆ. ಅರ್ಥವಾಗಲಿಲ್ಲ ಎಂದವರಿಗೆ ಒಂದು ಮಾಹಿತಿ ತಪ್ಪಿಹೋಗಿರಬಹುದು, ಅದನ್ನು ಕೊಟ್ಟುಬಿಡಿ, ಕಾದಂಬರಿಯಲ್ಲಿರುವ ಕಾರಣವನ್ನು ಹೇಳಿದರೂ ನಷ್ಟವಿಲ್ಲ. ಬೇಸರವಾಯಿತು ಎಂದವರು ಚಡಪಡಿಕೆಯ ಹಂತದಲ್ಲೇ ಉಳಿದವರು, ವಾದದಿಂದ ಅವರನ್ನು ದಾಟಿಸಲಾಗದು.

ಟೊಳ್ಳು ಎಂಬ ದೂರು ಮಾತ್ರ ಚಿತ್ರದ ಮೇಲೆಯೇ ಇರುವಂಥದ್ದು, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಂದದ ಚಿತ್ರಗಳ ಹಿಂದೆ ಏನೂ ಇಲ್ಲದ ಸಿನಿಮಾಗಳು ನಿಜವಾಗಿಯೂ ಇವೆ. ಪರೀಕ್ಷಿಸಲು ಒಂದು ದಾರಿ: ಮನಸ್ಸಿನಲ್ಲೇ ಎರಡು ದೃಶ್ಯಗಳನ್ನು ಅದಲುಬದಲು ಮಾಡಿ ನೋಡಿ. ಏನೂ ಕೆಡದಿದ್ದರೆ ದೂರು ನ್ಯಾಯವಾದದ್ದು. 'ಅಂಡರ್ ದ ಸ್ಕಿನ್' ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೊದಲ ಭಾಗದಲ್ಲಿ ಆಕೆ ವ್ಯಾನಿನೊಳಗಿಂದ ಗಂಡಸರನ್ನು ನೋಡುತ್ತಾಳೆ. ವಿಕಾರ ಮುಖದ ಯುವಕನೊಬ್ಬನನ್ನು ಬಿಟ್ಟುಕಳಿಸಿದ ಮೇಲೆ ವ್ಯಾನನ್ನು ತೊರೆದು ಕಾಲ್ನಡಿಗೆಯಲ್ಲಿ ಹೊರಡುತ್ತಾಳೆ. ಆಮೇಲೆ ನೋಡುವವರು ಬೇರೆಯವರು, ನೋಡಿಸಿಕೊಳ್ಳುವವಳು ಆಕೆ. ಆ ದೃಶ್ಯವನ್ನು ಅತ್ತಿತ್ತ ಸರಿಸಿದರೆ ಚಿತ್ರವೇ ಕುಸಿಯುತ್ತದೆ. ಆದರೂ ಟೊಳ್ಳು ಎಂದವರ ಬಳಿ ಇದಕ್ಕೆ ಉತ್ತರವಿರಬಹುದು. ಆಕೆಯ ಮನಸ್ಸು ಬದಲಾದದ್ದಕ್ಕೆ ಚಿತ್ರ ಕೊಡುವ ಕಾರಣ ಸಾಲದು ಎಂದು ಅವರು ವಾದಿಸಿದರೆ, ಕನ್ನಡಿಯ ಮುಂದೆ ಆಕೆ ತನ್ನ ಮುಖವನ್ನು ನೋಡಿಕೊಳ್ಳುತ್ತ ನಿಲ್ಲುವ ಶಾಟನ್ನು ಮತ್ತೊಮ್ಮೆ ಹಾಕಿ, ಎಲ್ಲರೂ ನೋಡಿದ ಮೇಲೆ ಮಾತು ಮುಂದುವರಿಸಿ.