ನೇರಳಾತೀತ: ನೇರಳೆಯ ಆಚೆಗಿನ ಆಕಾಶ

'ನೇರಳಾತೀತ' ಎಂಬ ಪದ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬೀಳುವುದು ನೀರು ಶುದ್ಧೀಕರಿಸುವ ಯಂತ್ರದ ವಿಷಯ ಬಂದಾಗ, ಇಲ್ಲವೇ ಬಿಸಿಲಿಗೆ ಚರ್ಮ ಸುಡುವ ಮಾತು ಬಂದಾಗ. ನಕ್ಷತ್ರಗಳ ಅಧ್ಯಯನ ಮಾಡುವವರಿಗೆ ಇದೇ ಪದ ಬೇರೊಂದು ಆಕಾಶದ ಹೆಸರು.

ಬಿಡಿಸಿದರೆ ನೇರಳೆ ಮತ್ತು ಅತೀತ. ನೇರಳೆ ನಮ್ಮ ಹಣ್ಣು. ತಿಂದಾಗ ನಾಲಿಗೆಗೆ ಅಂಟುವ ಬಣ್ಣವೇ ಕಾಮನಬಿಲ್ಲಿನ ಕೊನೆಯ ಪಟ್ಟಿಗೂ ಹೆಸರಾಗಿದೆ. ಅತೀತ ಎಂದರೆ ದಾಟಿ ಹೋದದ್ದು. ಕನ್ನಡ, ಸಂಸ್ಕೃತ ಪದಗಳು ಹೀಗೆ ಕೂಡಿದರೆ ವ್ಯಾಕರಣದಲ್ಲಿ ಅರಿಸಮಾಸ. 'ಅತಿನೇರಳೆ' ಎಂಬ ರೂಪವೂ ಬಳಕೆಯಲ್ಲಿದೆ, ಆದರೆ ಅದನ್ನು ಕೇಳಿದರೆ ಬಲು ಗಾಢವಾದ ನೇರಳೆ ಬಣ್ಣವೇ ಮನಸ್ಸಿಗೆ ಬರುತ್ತದೆ. ಈ ಬೆಳಕಿಗೋ ನಮ್ಮ ಕಣ್ಣು ಬಲ್ಲ ಯಾವ ಬಣ್ಣವೂ ಇಲ್ಲ. ಆದ್ದರಿಂದ ವ್ಯಾಕರಣದವರು ಆಕ್ಷೇಪಿಸಿದರೂ ನನ್ನ ಮತ 'ನೇರಳಾತೀತ'ಕ್ಕೆ.

ಇದು ಮೊದಲು ಗೊತ್ತಾದದ್ದು ಕಣ್ಣಿನಿಂದಲ್ಲ, ಬೆಳ್ಳಿಯ ಲವಣದಿಂದ. 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರ್, ಪಟ್ಟಕದಿಂದ ಬಣ್ಣಬಣ್ಣವಾಗಿ ಹರಡಿದ ಬಿಸಿಲಿನಲ್ಲಿ ಸಿಲ್ವರ್ ಕ್ಲೋರೈಡ್ ಇಟ್ಟು ನೋಡಿದರು. ಬೆಳಕು ಬಿದ್ದರೆ ಕಪ್ಪಾಗುವ ವಸ್ತು ಅದು. ಅದು ಎಲ್ಲಕ್ಕಿಂತ ಬೇಗ ಕಪ್ಪಾದದ್ದು ನೇರಳೆ ಪಟ್ಟಿ ಮುಗಿದು ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು 400 ನ್ಯಾನೋಮೀಟರಿನಿಂದ 10 ನ್ಯಾನೋಮೀಟರಿನವರೆಗಿನ ತರಂಗಗಳು ನೇರಳಾತೀತ. ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್.

ನಮ್ಮ ತಲೆಯ ಮೇಲಿನ ಓಝೋನ್ ಮತ್ತು ಆಮ್ಲಜನಕ ಸುಮಾರು 300 ನ್ಯಾನೋಮೀಟರಿಗಿಂತ ಚಿಕ್ಕ ತರಂಗಗಳನ್ನು ಹೀರಿಕೊಳ್ಳುತ್ತವೆ. ಹಾಗಾಗಿಯೇ ಇಲ್ಲಿ ಗಿಡಮರ, ಪ್ರಾಣಿಗಳು ಬದುಕಿವೆ. ಆದರೆ ಎಷ್ಟೇ ಎತ್ತರದ ಬೆಟ್ಟದ ಮೇಲೆ ದೂರದರ್ಶಕ ಕೂರಿಸಿದರೂ ಓಝೋನಿನ ಪದರ ಅದಕ್ಕಿಂತ ಬಹಳ ಮೇಲೇ ಉಳಿಯುತ್ತದೆ. ಈ ಆಕಾಶವನ್ನು ನೋಡಬೇಕಾದರೆ ಗಾಳಿಯ ಹೊದಿಕೆಯಿಂದ ಹೊರಗೆ ಹೋಗಲೇಬೇಕು.

ಹೋಗಿ ನೋಡುವುದಾದರೂ ಏನನ್ನು? ಕುಲುಮೆಯಲ್ಲಿ ಕಾಯುವ ಕಬ್ಬಿಣ ಮೊದಲು ಕೆಂಪಗಾಗಿ, ಕಾವು ಏರಿದಂತೆ ಬಿಳಿಯ ಕಡೆಗೆ ತಿರುಗುತ್ತದೆ. ನಕ್ಷತ್ರಗಳದ್ದೂ ಇದೇ ನಿಯಮ. ಸುಮಾರು 5,500 ಡಿಗ್ರಿ ಬಿಸಿಯ ಸೂರ್ಯನ ಬೆಳಕು ಅತ್ಯಂತ ತೀವ್ರವಾಗಿರುವುದು ಕಣ್ಣಿಗೆ ಕಾಣುವ ತರಂಗಗಳಲ್ಲಿ. 20,000 ಡಿಗ್ರಿ ದಾಟಿದ ನಕ್ಷತ್ರದ ಬೆಳಕಿನ ಬಹುಪಾಲು ನೇರಳಾತೀತ. ಅಂಥ ಬಿಸಿ ನಕ್ಷತ್ರಗಳಲ್ಲಿ ಭಾರೀ ತೂಕದವು ಇಂಧನವನ್ನು ಧಾರಾಳವಾಗಿ ಉರಿಸಿ ಬೇಗ ಮುಗಿದುಹೋಗುತ್ತವೆ. ಸೂರ್ಯನ ಆಯುಸ್ಸು ಸುಮಾರು 1,000 ಕೋಟಿ ವರ್ಷವಾದರೆ, ತೀರಾ ದೊಡ್ಡ ನಕ್ಷತ್ರಗಳದ್ದು ಕೆಲವೇ ದಶಲಕ್ಷ ವರ್ಷ. ಎಂದರೆ ಅವು ಹುಟ್ಟಿದ ಜಾಗ ಬಿಟ್ಟು ದೂರ ಹೋಗುವಷ್ಟು ಬದುಕುವುದೇ ಇಲ್ಲ. ಒಂದು ಗೆಲಾಕ್ಸಿಯ ಯಾವ ಭಾಗ ನೇರಳಾತೀತದಲ್ಲಿ ಬೆಳಗುತ್ತದೆಯೋ ಅಲ್ಲಿ ಸಾಮಾನ್ಯವಾಗಿ ಈಚೆಗಷ್ಟೇ ನಕ್ಷತ್ರಗಳು ಹುಟ್ಟಿವೆ ಎಂದು ತಿಳಿಯಬಹುದು. ಆಂಡ್ರೊಮಿಡಾ ಗೆಲಾಕ್ಸಿಯ ಸಾಮಾನ್ಯ ಚಿತ್ರದಲ್ಲಿ ನಡುವಿನ ಹಳದಿ ಗುಂಡು ಕಣ್ಣು ಸೆಳೆಯುತ್ತದೆ. ನೇರಳಾತೀತದಲ್ಲಿ ಅದು ಮಂಕಾಗಿ, ಎಳೆಯ ನಕ್ಷತ್ರಗಳ ಬಳೆಗಳು ಎದ್ದು ಕಾಣುತ್ತವೆ.

(ಆ ಚಿತ್ರಗಳ ನೀಲಿ, ನೇರಳೆ ಬಣ್ಣಗಳನ್ನು ವಿಜ್ಞಾನಿಗಳು ನಮ್ಮ ಅನುಕೂಲಕ್ಕಾಗಿ ತುಂಬಿರುತ್ತಾರೆ. ಬಣ್ಣ ಆಯ್ಕೆಯದು, ಬೆಳಕಿನ ಹೆಚ್ಚು ಕಡಿಮೆ ಮಾತ್ರ ಅಳೆದದ್ದು.)

ಈ ಆಕಾಶಕ್ಕೆ ತೆರೆದ ಒಂದು ಕಣ್ಣು ಸಿದ್ಧವಾದದ್ದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಎಂಬುದು ಇನ್ನೂ ಹೆಚ್ಚು ಜನಕ್ಕೆ ಗೊತ್ತಾಗಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ, ಇಸ್ರೊ, ಪುಣೆ ಮತ್ತು ಮುಂಬಯಿಯ ಸಂಸ್ಥೆಗಳು ಹಾಗೂ ಕೆನಡಾದ ಬಾಹ್ಯಾಕಾಶ ಸಂಸ್ಥೆಯ ಜೊತೆಗೂಡಿ ಕಟ್ಟಿದ್ದು ಇದು. ಒಳಗೆ 375 ಮಿಲಿಮೀಟರ್ ಅಗಲದ ಕನ್ನಡಿಗಳಿರುವ ಎರಡು ದೂರದರ್ಶಕಗಳು ಜೋಡಿಯಾಗಿ ನಿಂತಿವೆ. ಇದಕ್ಕೂ ಮುಂಚೆ ನೇರಳಾತೀತ ಆಕಾಶದ ನಕ್ಷೆ ಮಾಡಿದ್ದ ಅಮೆರಿಕದ ಗ್ಯಾಲೆಕ್ಸ್ ಎಂಬ ಉಪಗ್ರಹದ ಕನ್ನಡಿ ಇದಕ್ಕಿಂತ ದೊಡ್ಡದಿತ್ತು, ಆದರೂ ಯುವಿಐಟಿಯ ಚಿತ್ರ ಮೂರು ಪಟ್ಟಿಗೂ ಹೆಚ್ಚು ಸ್ಪಷ್ಟ.

ನೇರಳಾತೀತಕ್ಕೆ ಕೊಳೆ ಎಂದರೆ ಪರಮ ವೈರಿ. ಕನ್ನಡಿಯ ಮೇಲೆ ಎಣ್ಣೆಯಂಥ ಅಣುಗಳ ತೆಳು ಪದರ ಕೂತರೂ ಸಾಕು, ಬೆಳಕು ಅಲ್ಲೇ ಇಂಗಿಹೋಗುತ್ತದೆ. ಅದಕ್ಕಾಗಿಯೇ ಹೊಸಕೋಟೆಯ ಅತಿಶುಭ್ರ ಕೊಠಡಿಗಳಲ್ಲಿ ಜೋಡಣೆ ನಡೆಯಿತು. ಕಕ್ಷೆಗೆ ಸೇರಿದ ಮೇಲೂ, ಉಪಗ್ರಹದ ಮೈಯಿಂದ ಹೊರಡುವ ಆವಿಯೆಲ್ಲ ಚದುರಿಹೋಗಲಿ ಎಂದು ದೂರದರ್ಶಕದ ಬಾಗಿಲನ್ನು ಸುಮಾರು ಎರಡು ತಿಂಗಳು ತೆರೆಯಲಿಲ್ಲ. ಇಷ್ಟು ವರ್ಷ ದುಡಿದು ಕಟ್ಟಿದವರಿಗೆ ಆ ಎರಡು ತಿಂಗಳು ಎಷ್ಟು ಉದ್ದವಾಗಿರಬೇಕು!

ಬಾಗಿಲು ತೆರೆದಾಗ ಮೊದಲಿಗೆ ನೋಡಿದ ಆಕಾಶಕಾಯಗಳಲ್ಲಿ ಎನ್‌ಜಿಸಿ 188 ಎಂಬ ಮುದಿ ನಕ್ಷತ್ರಗುಚ್ಛವೂ ಒಂದು. ಅದರ ನಕ್ಷತ್ರಗಳೆಲ್ಲ ಒಟ್ಟಿಗೆ ಹುಟ್ಟಿದವು, ವಯಸ್ಸು 600 ಕೋಟಿ ವರ್ಷಕ್ಕೂ ಹೆಚ್ಚು. ಅಷ್ಟು ಹಳೆಯ ಗುಚ್ಛದಲ್ಲಿ ಬಿಸಿಯಾದ ನೀಲಿ ನಕ್ಷತ್ರಗಳು ಎಂದೋ ಸತ್ತಿರಬೇಕು. ಆದರೂ ಕೆಲವು ಅಲ್ಲಿ ಯೌವನದಲ್ಲಿರುವಂತೆ ಹೊಳೆಯುತ್ತಿವೆ. ಪಕ್ಕದ ಜೊತೆಗಾರ ನಕ್ಷತ್ರದಿಂದ ಅನಿಲ ಸೆಳೆದುಕೊಂಡು ಅವು ಮರಳಿ ಎಳೆಯವಾಗಿವೆ ಎಂಬುದು ಒಂದು ವಿವರಣೆ. 2016ರಲ್ಲಿ ಖಗೋಳವಿಜ್ಞಾನಿ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಯುವಿಐಟಿಯ ಚಿತ್ರಗಳಿಂದ ಅಂಥ ಒಂದು ನಕ್ಷತ್ರದ ಬಗಲಲ್ಲಿ ಬಲು ಬಿಸಿಯಾದ ಜೊತೆಗಾರನಿರುವುದನ್ನು ತೋರಿಸಿದರು. ಸಾಮಾನ್ಯ ಬೆಳಕಿನಲ್ಲಿ ಆ ಜೊತೆಗಾರನ ಹೊಳಪು ದೊಡ್ಡದರ ಪ್ರಭೆಯಲ್ಲಿ ಮುಳುಗಿಹೋಗಿತ್ತು.

ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸುವುದು ಎಯುಡಿಎಫ್‌ಎಸ್ 01 ಎಂಬ ಗೆಲಾಕ್ಸಿ. 91.2 ನ್ಯಾನೋಮೀಟರಿಗಿಂತ ಚಿಕ್ಕ ತರಂಗಗಳು ಜಲಜನಕದ ಪರಮಾಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತು ಹಾಕಬಲ್ಲವು. ವಿಶ್ವದ ಬಾಲ್ಯದಲ್ಲಿ ಎಲ್ಲೆಡೆ ಮುಸುಕಿದ್ದ ಜಲಜನಕವನ್ನು ಹೀಗೆ ಒಡೆದು ತಿಳಿಯಾಗಿಸಿದ್ದು ಇಂಥ ಬೆಳಕೇ ಇರಬೇಕು. ಆದರೆ ಅದು ಗೆಲಾಕ್ಸಿಗಳ ಒಳಗಿನ ಅನಿಲದಿಂದ ತಪ್ಪಿಸಿಕೊಂಡು ಹೊರಬರುವುದೇ ಅಪರೂಪ. ಪುಣೆಯ ಖಗೋಳವಿಜ್ಞಾನದ ಅಂತರ-ವಿಶ್ವವಿದ್ಯಾಲಯ ಕೇಂದ್ರದ ಕನಕ್ ಸಾಹಾ ಅವರ ತಂಡ 2016ರ ಅಕ್ಟೋಬರಿನಲ್ಲಿ ಆಕಾಶದ ಒಂದು ಚಿಕ್ಕ ತುಣುಕಿನ ಕಡೆಗೆ ಯುವಿಐಟಿಯನ್ನು ತಿರುಗಿಸಿ 28 ಗಂಟೆಗೂ ಹೆಚ್ಚು ಹೊತ್ತು ನೋಡಿತು. ಹಬಲ್ ಬಾಹ್ಯಾಕಾಶ ದೂರದರ್ಶಕ ಬಹು ಆಳವಾಗಿ ನೋಡಿದ್ದ ಜಾಗವೇ ಅದು. ಅಲ್ಲಿಂದ ಬಂದ ಮಾಹಿತಿಯನ್ನು ಸುಮಾರು ಎರಡು ವರ್ಷ ಜರಡಿ ಹಿಡಿದ ಮೇಲೆ 2020ರಲ್ಲಿ ಫಲಿತಾಂಶ ಪ್ರಕಟವಾಯಿತು: 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ಅಂಥ ಬೆಳಕು ಸೋರುತ್ತಿದೆ. ಹೊರಟಾಗ ಅದರ ತರಂಗದ ಉದ್ದ ಸುಮಾರು 60 ನ್ಯಾನೋಮೀಟರ್. ಹಿಗ್ಗುತ್ತಿರುವ ವಿಶ್ವದಲ್ಲಿ 930 ಕೋಟಿ ವರ್ಷ ಪಯಣಿಸಿ ಅದು ಎರಡೂವರೆ ಪಟ್ಟಿನಷ್ಟು ಹಿಗ್ಗಿ, ಹೊಸಕೋಟೆಯಲ್ಲಿ ತಯಾರಾದ ಕಣ್ಣಿಗೆ ಬಿದ್ದಾಗ ಸುಮಾರು 145 ನ್ಯಾನೋಮೀಟರ್ ಆಗಿತ್ತು. ಆಗಲೂ ಅದು ನೇರಳೆಯ ಆಚೆಯೇ ಇತ್ತು.